ಟ್ರೌಟ್ ಮೀನಿಗೆ ಗಾಳ: ಹೊಸಬರಿಗೆ ಅಗ್ಗದ ಸಲಕರಣೆ

ಕ್ಯಾಲಿಫೋರ್ನಿಯಾದ ಕನ್ನಡ ಬಂಧುಗಳೇ,

ಮಕ್ಕಳೊಂದಿಗೆ ಟ್ರೌಟ್ ಹಿಡಿಯಲು ಹೊರಟಿದ್ದೀರಾ? ದುಬಾರಿ ರಾಡ್ ನೋಡಿ ಮರುಳಾಗಬೇಡಿ. ಟ್ರೌಟ್‌ನ ಕಣ್ಣು ಬಲು ಚುರುಕು. ತಿಳಿನೀರಿನಲ್ಲಿ ದಪ್ಪ ದಾರ ಕಂಡರೆ ಹತ್ತಿರ ಬರಲು ಹಿಂಜರಿಯುತ್ತದೆ. ಹಾಗಾಗಿ ರಾಡಿನ ಬೆಲೆಗಿಂತ ತೆಳು ದಾರ, ಸಣ್ಣ ಗಾಳ ಮುಖ್ಯ.

ರಾಡ್ ಮತ್ತು ರೀಲ್: ಎರಡೂ ಸೇರಿದ ಸ್ಪಿನ್ನಿಂಗ್ ಕಾಂಬೋ ಕೊಂಡರೆ ಅಗ್ಗ. 6ರಿಂದ 6.5 ಅಡಿಯ ಲೈಟ್ ಅಥವಾ ಅಲ್ಟ್ರಾಲೈಟ್ ರಾಡ್, 1000 ಅಥವಾ 2000 ಸೈಜಿನ ರೀಲ್ ಸಾಕು. ಫ್ಲೈ ಫಿಶಿಂಗ್ ಸಲಕರಣೆ ಸದ್ಯಕ್ಕೆ ಬೇಡ. ಅದನ್ನು ಬೀಸುವುದನ್ನು ಕಲಿಯಲು ಸಮಯ ಬೇಕು.

ದಾರ: 4 ಪೌಂಡಿನ ಮಾನೋಫಿಲಮೆಂಟ್. ಕಾಂಬೋ ಜೊತೆ ಬಂದ ದಾರ ದಪ್ಪವಿದ್ದರೆ ಬದಲಾಯಿಸಿ.

ಗಾಳ: 8ರಿಂದ 12ನೇ ನಂಬರ್. ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು. ಜೊತೆಗೆ ತೂಕದ ಸಣ್ಣ ಗುಂಡು, ಒಂದು ಬೆಂಡು, ಎರೆಹುಳು ಇರಲಿ. ಕೆಲವು ನದಿ, ಕೆರೆಗಳಲ್ಲಿ ಎರೆಹುಳು ನಿಷಿದ್ಧ. ಮುಳ್ಳಿಲ್ಲದ ಗಾಳ, ಕೃತಕ ಎರೆಗಷ್ಟೇ ಅನುಮತಿ. ಮೊದಲೇ ನಿಯಮ ನೋಡಿಕೊಳ್ಳಿ.

ಮೀನನ್ನು ಮತ್ತೆ ನೀರಿಗೆ ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣಗೈ ತಗುಲಿದರೆ ಅದರ ಮೈಯನ್ನು ಕಾಯುವ ಲೋಳೆ ಕಿತ್ತುಬರುತ್ತದೆ.

ಲೈಸೆನ್ಸ್: 16 ವರ್ಷ ತುಂಬಿದವರಿಗೆ ಕಡ್ಡಾಯ, ಅದಕ್ಕಿಂತ ಚಿಕ್ಕವರಿಗೆ ಬೇಡ. 2023ರಿಂದ ವಾರ್ಷಿಕ ಲೈಸೆನ್ಸ್ ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಲೈಸೆನ್ಸ್ ಮರೆತರೆ ಉಳಿಸಿದ ಹಣವೆಲ್ಲ ದಂಡಕ್ಕೇ ಹೋದೀತು!

ವರ್ಷದಲ್ಲಿ 2 ದಿನ ರಾಜ್ಯವೇ ಲೈಸೆನ್ಸ್ ಇಲ್ಲದೆ ಗಾಳ ಹಾಕಲು ಬಿಡುತ್ತದೆ. ಆ ದಿನ ಸ್ನೇಹಿತರ ರಾಡ್ ಎರವಲು ಪಡೆದು ನೋಡಿ. ಮಕ್ಕಳಿಗೆ ಹಿಡಿಸಿದರೆ ಆಮೇಲೆ ಕೊಂಡರಾಯಿತು.