ಕರಿಹಲಗೆಯ ಪಕ್ಕದ ಹೊಸ ಹಲಗೆ

ಪ್ರಿಯ ವಿದ್ಯಾರ್ಥಿಗಳೇ,

ನಿಮ್ಮಲ್ಲೊಬ್ಬಳು ಇಂದು ಸ್ವತಃ ಗಣಿತ ಶಿಕ್ಷಕಿ. ದಾನಿಗಳು ಅವಳ ಶಾಲೆಗೆ ಕೆಲವು ಟ್ಯಾಬ್ಲೆಟ್‌ಗಳನ್ನು ಕೊಟ್ಟಿದ್ದಾರೆ. "ಸರ್, ಆ್ಯಪ್‌ಗಳು ನೂರಾರಿವೆ. ಪಾಠಕ್ಕೆ ಒದಗುವುದು ಯಾವುದೆಂದು ಹೇಗೆ ತಿಳಿಯುವುದು?" ಎಂದು ಫೋನಿನಲ್ಲಿ ಕೇಳಿದಳು. ಉತ್ತರಕ್ಕಾಗಿ ನಾನು ತುಸು ಹಿಂದಕ್ಕೆ ಹೋಗಬೇಕಾಯಿತು.

ತರಗತಿಗೆ ಯಂತ್ರ ಬಂದದ್ದು ಇದೇ ಮೊದಲಲ್ಲ. 1975ರ ಆಗಸ್ಟ್ 1ರಂದು 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗ ಆರಂಭವಾಯಿತು. ನಾಸಾದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ. ಅದೊಂದು ಮಹತ್ಸಾಹಸವೇ ಸರಿ. ಆದರೆ ಉಪಗ್ರಹ ಎರವಲಿನದು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಅಲ್ಲದೆ ಪಾಠ ನಡೆಯುತ್ತಿರುವಾಗ ಅದನ್ನು ನಿಲ್ಲಿಸಿ, ಮಗುವಿನ ಪ್ರಶ್ನೆಯನ್ನು ಆಲಿಸಲು ಶಿಕ್ಷಕನಿಗೆ ಸಾಧ್ಯವಿರಲಿಲ್ಲ.

ಮುಂದಿನ ಬದಲಾವಣೆ ಶಿಕ್ಷಕರ ಕಡೆಯಿಂದ ಬಂತು. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೊಹೆನ್‌ವಾರ್ಟರ್ ತಮ್ಮ ಪ್ರಬಂಧಕ್ಕಾಗಿ ಜಿಯೋಜೀಬ್ರಾ ರಚಿಸಿದರು. 2002ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 'ಫೆಟ್' ಪ್ರಯೋಗಗಳಿಗೆ ಚಾಲನೆ ನೀಡಿದರು. 2010ರಲ್ಲಿ ಐಪ್ಯಾಡ್ ಬಂದಾಗ ಅದರಲ್ಲಿ ಫ್ಲ್ಯಾಶ್ ನಡೆಯುತ್ತಿರಲಿಲ್ಲ. ಫೆಟ್‌ನ ಅನೇಕ ಪ್ರಯೋಗಗಳನ್ನು ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬರೆಯಬೇಕಾಯಿತು. ಇಂದು ಅವುಗಳನ್ನು ಇಳಿಸಿಕೊಂಡರೆ ಅಂತರಜಾಲವಿಲ್ಲದೆಯೂ ನಡೆಸಬಹುದು. ಕೆಲವು ಕನ್ನಡದಲ್ಲೂ ಇವೆ.

ಇಲ್ಲೊಂದು ತಪ್ಪೊಪ್ಪಿಗೆ. ತ್ರಿಭುಜದ ಮೂರು ಮಧ್ಯರೇಖೆಗಳು ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆಂದು ಬೋಧಿಸುತ್ತಿದ್ದೆ. ಕರಿಹಲಗೆಯ ಮೇಲೆ ಅವು ಸಂಧಿಸಲೊಲ್ಲವು. ಒಮ್ಮೆ ಮೂರನೆಯ ಗೆರೆಯನ್ನು ಮೆಲ್ಲನೆ ಬಾಗಿಸಿ ಸೇರಿಸಿಬಿಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಅದನ್ನು ಕಂಡು ನಕ್ಕ, ನಾನು ಗದರಿದೆ. ಸತ್ಯವನ್ನು ಕಂಡವನು ಅವನು, ಗದರಿಸಿಕೊಂಡವನೂ ಅವನೇ. ನಿವೃತ್ತಿಯ ಬಳಿಕ ಜಿಯೋಜೀಬ್ರಾದಲ್ಲಿ ತ್ರಿಭುಜದ ಮೂಲೆಯನ್ನು ಬೆರಳಿನಿಂದ ಎಳೆದು ನೋಡಿದೆ. ಆಕಾರ ಎಷ್ಟು ಬದಲಾದರೂ ಮೂರು ರೇಖೆಗಳೂ ಒಂದೇ ಬಿಂದುವಿನಲ್ಲಿ ಕೂಡಿದವು. ಆ ಹುಡುಗನ ಕೈಗೆ ಇದನ್ನು ಕೊಡಬೇಕಿತ್ತು ಎನ್ನಿಸಿತು.

ಆದುದರಿಂದ ಅವಳಿಗೆ ಹೇಳಿದೆ: "ಆ್ಯಪ್‌ಗಳ ಪಟ್ಟಿಯಿಂದ ಆರಂಭಿಸಬೇಡಮ್ಮಾ. ನಿನ್ನ ಕರಿಹಲಗೆ ಎಲ್ಲಿ ಸೋಲುತ್ತದೆಂದು ಮೊದಲು ಬರೆದುಕೋ. ಆ ಜಾಗಕ್ಕೆ ಮಾತ್ರ ಆ್ಯಪ್ ಹುಡುಕು. ಅದು ಜಾಲವಿಲ್ಲದೆ ನಡೆಯುತ್ತದೆಯೇ, ಜಾಹೀರಾತು ತೋರಿಸುತ್ತದೆಯೇ, ಮಗುವಿನ ಹೆಸರು ವಿಳಾಸ ಕೇಳುತ್ತದೆಯೇ, ಮಗು ಸುಮ್ಮನೆ ನೋಡುತ್ತದೆಯೇ ಇಲ್ಲವೇ ತಾನೇ ಮಾಡಿ ನೋಡುತ್ತದೆಯೇ, ಇಷ್ಟನ್ನು ಪರೀಕ್ಷಿಸು. ಮೊದಲು ಮನೆಯಲ್ಲಿ ನೀನೇ ವಿದ್ಯಾರ್ಥಿನಿಯಾಗು."

ಅಂದು ನಕ್ಕ ಆ ಹುಡುಗ ಇದನ್ನು ಓದುತ್ತಿದ್ದರೆ, ಅವನ ಅನುಮಾನವೇ ಸರಿಯಾಗಿತ್ತೆಂದು ಈ ಮೇಷ್ಟ್ರು ತಡವಾಗಿಯಾದರೂ ಒಪ್ಪಿಕೊಂಡಿದ್ದಾರೆ.