ಸ್ಟ್ರೀಮ್ ದಾಟಿದವರು – ಭಾಗ 3

ಪಿಯುಸಿಯಲ್ಲಿ ತಗೊಂಡ ಸ್ಟ್ರೀಮೇ ಕೊನೇವರೆಗೂ ಅನ್ನೋರು ನಮ್ಮ ದೊಡ್ಡಬೆಳವಂಗಲದಲ್ಲೂ ಇದ್ದಾರೆ. ಈ ಕಥೆ ಅವರಿಗೆ.

ವಿದ್ಯಾನಂದ ನಂಜುಂಡಯ್ಯ ಅವರು ಓದಿದ್ದು ಭೌತಶಾಸ್ತ್ರ, ಪಿಎಚ್‌ಡಿ ಶಿಕಾಗೋದಲ್ಲಿ. ಹಿಡಿದ ಪ್ರಶ್ನೆ ಮಾತ್ರ ಜೀವಶಾಸ್ತ್ರದ್ದು. ಮಣ್ಣಲ್ಲಿ ಒಂಟಿಯಾಗಿರೋ ಡಿಕ್ಟಿಯೊಸ್ಟೀಲಿಯಂ ಅನ್ನೋ ಅಮೀಬಾಗಳು, ಹಸಿವಾದಾಗ ಸಾವಿರಾರು ಸೇರಿ ಒಂದೇ ದೇಹ ಆಗೋದು ಹೇಗೆ? ಅವನ್ನ ಕರೆಯೋದು ಒಂದು ರಾಸಾಯನಿಕ, ಅದು ಅಲೆಅಲೆಯಾಗಿ ಹಬ್ಬುತ್ತೆ. ಅಲೆ ಅಂದ್ರೆ ಭೌತಶಾಸ್ತ್ರದವರಿಗೆ ಮನೆಮಾತು! 1973ರಲ್ಲಿ ಅದರ ಲೆಕ್ಕ ಪ್ರಬಂಧವಾಗಿ ಬಂತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದನ್ನೇ ಕೆದಕಿದರು.

ಸೇರಿದ ಕೋಶಗಳಲ್ಲಿ ಸುಮಾರು ಶೇ 20 ದಂಟಾಗಿ ಸಾಯುತ್ತವೆ, ಉಳಿದವು ಬೀಜಕಗಳಾಗಿ ಬದುಕುತ್ತವೆ. ಯಾರು ಏನಾಗಬೇಕು ಅಂತ ತೀರ್ಮಾನ ಆಗೋದು ಹೇಗೆ? ಸ್ಟೆಮ್ ಸೆಲ್ ಸಂಶೋಧಕರ ಮುಂದಿರೋದೂ ಇಂಥದ್ದೇ ಪ್ರಶ್ನೆ.

ಅವರು ಭೌತಶಾಸ್ತ್ರ ಬಿಟ್ಟು ಹೋಗಲಿಲ್ಲ, ಜೊತೇಲೇ ತಗೊಂಡು ಹೋದರು. ಬಿಕಾಂನೋರೇ, ನಮ್ಮ ಲೆಕ್ಕಾನೂ ಎಲ್ಲೋ ಬೇಕಾಗುತ್ತೆ ಕಣ್ರೋ.