ಅಂಗಳಕ್ಕೊಂದು ಚಪ್ಪರ

ಮೆಲ್ಬರ್ನಿನಲ್ಲಿ ಮನೆ ಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇದು: ಹಿತ್ತಲಿನ ಪ್ಯಾಟಿಯೋಗೆ ಮೇಲೇನು ಹಾಕಿಸುವುದು? ನಮ್ಮ ಮನೆಯಲ್ಲಿ ಈ ಚರ್ಚೆ ಆರು ತಿಂಗಳು ನಡೆಯಿತು. ಮೊದಲಿನ ಮಾಲೀಕರು ಹಾಕಿಸಿದ್ದ ಬೂದು ಬಣ್ಣದ ಹಳೆಯ ಶೀಟು ಅಲ್ಲಲ್ಲಿ ಸೋರುತ್ತಿತ್ತು. ಮಳೆ ಬಂದರೂ ಬಾರ್ಬೆಕ್ಯೂ ನಿಲ್ಲಬಾರದು, ಹಾಗಾಗಿ ತಗಡೇ ಆಗಬೇಕು ಎಂದು ನನ್ನವರು. ನಕ್ಷತ್ರ ಕಾಣುವಂಥ ಪಾರದರ್ಶಕ ಶೀಟು ಬೇಕೆಂದು ಮಗಳು. ಸಾಗರದಿಂದ ಬಂದಿದ್ದ ಅತ್ತೆ ಮಾತ್ರ, ‘ಬೇಸಿಗೆಗೆ ಚಪ್ಪರ ಹಾಕಿ, ಚಳಿಗೆ ತೆಗೆದುಬಿಡಿ. ಬಿಸಿಲು ಕಾಯಿಸ್ಕೊಳ್ಳೋಕೆ ನಂಗೆ ಇರೋದು ಅದೊಂದೇ ಜಾಗ’ ಎಂದರು. ನಾವೆಲ್ಲ ನಕ್ಕೆವು. ಆಮೇಲೆ ನಾನು ಈ ಮೇಲ್ಛಾವಣಿಗಳ ಇತಿಹಾಸ ಓದುತ್ತ ಹೋದೆ. ಓದಿದಷ್ಟೂ ಅತ್ತೆಯ ಕಡೆಗೇ ವಾಲಿದೆ.

‘ಪ್ಯಾಟಿಯೋ’ ಸ್ಪ್ಯಾನಿಷ್ ಪದ. ಅದಕ್ಕೆ ಅಲ್ಲಿ ಮನೆಯೊಳಗಿನ ತೆರೆದ ಅಂಗಳ ಎಂದರ್ಥ, ನಮ್ಮ ತೊಟ್ಟಿಮನೆಯ ತೊಟ್ಟಿಯ ಹಾಗೆ. ಅಂದರೆ ಮೂಲದಲ್ಲಿ ಅದಕ್ಕೆ ಮಾಡೇ ಇಲ್ಲ! ‘ಪರ್ಗೋಲಾ’ ಇನ್ನೂ ಹಳೆಯದು, ಲ್ಯಾಟಿನ್ನಿನ ‘ಪೆರ್ಗುಲಾ’ದಿಂದ ಬಂದದ್ದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದಲ್ಲಿ, ತೋಟದ ನಡುವೆ ಕಲ್ಲುಗಾರೆಯ ಊಟದ ಕಟ್ಟೆಗಳು ಸಿಕ್ಕಿವೆ. ಅವುಗಳ ಮೇಲೆ ಬಳ್ಳಿಯ ಚಪ್ಪರವಿರುತ್ತಿತ್ತು. ಸುಮಾರು ಎರಡು ಸಾವಿರ ವರ್ಷ ಹಿಂದಿನ ಬಳ್ಳಿ ಇತ್ತೆಂದು ಹೇಗೆ ಗೊತ್ತಾಯಿತು, ಮಕ್ಕಳೇ? ಬೇರು ಕೊಳೆತುಹೋದರೂ ಅದಿದ್ದ ಜಾಗ ಮಣ್ಣಿನಲ್ಲಿ ಪೊಳ್ಳಾಗಿ ಉಳಿದಿತ್ತು. ವಿಲ್ಹೆಲ್ಮಿನಾ ಜಶೆಮ್ಸ್ಕಿ ಎಂಬ ಅಮೆರಿಕದ ಇತಿಹಾಸಕಾರ್ತಿ ಆ ಪೊಳ್ಳುಗಳಲ್ಲಿ ತುಂಬಿದ್ದ ಕಲ್ಲುಚೂರು ತೆಗೆದು, ಸಿಮೆಂಟ್ ಸುರಿದು, ಗಟ್ಟಿಯಾದ ಮೇಲೆ ಸುತ್ತಲಿನ ಮಣ್ಣು ಬಿಡಿಸಿದರು. ಬೇರಿನ ಆಕಾರ ನೋಡಿ ಅದು ಯಾವ ಗಿಡವೆಂದು ಗುರುತಿಸಿದರು.

ನಮ್ಮ ‘ಹಂದರ’ವೂ ಹಳೆಯ ಪದವೇ. ತಮಿಳಿನ ‘ಪಂದಲ್’ ಅದರ ಅಣ್ಣತಮ್ಮ. ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ ಇಲ್ಲಿಯೂ ಪಕಾರ ಹಕಾರವಾಗಿದೆ. ಅತ್ತೆಯ ಊರಿನ ಕಡೆ ಮಳೆಗಾಲ ಮುಗಿದ ಮೇಲೆ ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಹಾಸಿ, ಸೋಗೆ ಹೊದಿಸಿ ಚಪ್ಪರ ಹಾಕುತ್ತಾರೆ. ಬಿಸಿಲಿಗೆ ನೆರಳು, ಮದುವೆ ಮುಂಜಿಗೆ ಜಾಗ. ಮುಂಗಾರು ಹಿಡಿಯುವ ಮುಂಚೆ ಬಿಚ್ಚಿದರಾಯಿತು. ಸೋಗೆ ಗೊಬ್ಬರಕ್ಕೆ, ಕಂಬ ಒಲೆಗೆ. ಋತು ನೋಡಿ ಹಾಕುವುದು, ಋತು ನೋಡಿ ತೆಗೆಯುವುದು.

ಆಸ್ಟ್ರೇಲಿಯಾದ ಕಥೆ ಬೇರೆ. ಇಲ್ಲಿಗೆ ಬಂದ ಬ್ರಿಟಿಷರು ಬಿಸಿಲಿಗೆ ಕಂಡುಕೊಂಡ ಉಪಾಯ ವೆರಾಂಡಾ. ಆ ಪದ ಇಂಗ್ಲಿಷಿಗೆ ಸೇರಿದ್ದು ಭಾರತದಿಂದ. ಅದಕ್ಕೆ ಹೊದಿಸಲು ಬಂದದ್ದು ಏರಿಳಿತದ ಕಬ್ಬಿಣದ ತಗಡು. ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಅದರ ಪೇಟೆಂಟ್ ಪಡೆದ. ಒಂದು ಕಾಗದವನ್ನು ಮಡಚಿ ಮಡಚಿ ನಿಲ್ಲಿಸಿ ನೋಡಿ, ತೆಳು ಹಾಳೆಗೂ ಶಕ್ತಿ ಬರುತ್ತದೆ, ಗುಟ್ಟು ಅಷ್ಟೇ. 1837ರಲ್ಲಿ ಫ್ರಾನ್ಸಿನ ಸೋರೆಲ್ ಕಬ್ಬಿಣಕ್ಕೆ ಸತುವಿನ ಲೇಪನ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ತುಕ್ಕಿನ ಕಾಟ ತಗ್ಗಿತು. ನಮ್ಮೂರಿನ ‘ಜಿಂಕ್ ಶೀಟು’ ಇದರ ಸಂತಾನ. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕು ಜನ ನುಗ್ಗಿದಾಗ ಹಗುರವಾದ ಈ ತಗಡು ಹಡಗುಗಟ್ಟಲೆ ಬಂತು. ಆ ಕಾಲದ ವೆರಾಂಡಾಗಳ ತಗಡಿಗೆ ಬಟ್ಟೆಯ ಚಪ್ಪರದಂತೆ ಕಾಣಲೆಂದು ಪಟ್ಟೆಪಟ್ಟೆಯಾಗಿ ಬಣ್ಣ ಬಳಿಯುತ್ತಿದ್ದರು. ಗಟ್ಟಿ ಮಾಡು ಹಾಕಿಸಿಯೂ ಬಟ್ಟೆಯ ನೆನಪು ಬಿಡದ ಆ ಹಟ ನನಗಂತೂ ಇಷ್ಟವಾಯಿತು.

ಇನ್ನು ನಮ್ಮ ಬೂದು ಶೀಟಿನ ವಿಷಯ. ಕೊಟೇಶನ್ ಕೊಡಲು ಬಂದವರು ಏಣಿ ಹತ್ತಿ, ಅರ್ಧಕ್ಕೇ ಇಳಿದರು. ‘ಇದನ್ನು ಮುಟ್ಟಬೇಡಿ, ಪರೀಕ್ಷೆ ಮಾಡಿಸಿ’ ಎಂದರು. ಚೂರೊಂದು ಲ್ಯಾಬಿಗೆ ಹೋಗಿಬಂತು: ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಇಪ್ಪತ್ತನೆಯ ಶತಮಾನದಲ್ಲಿ, ಅದರಲ್ಲೂ ಎರಡನೇ ಮಹಾಯುದ್ಧದ ನಂತರ ಮನೆಗಳ ಅಭಾವವಿದ್ದಾಗ, ಸಿಮೆಂಟಿಗೆ ಕಲ್ನಾರು ಬೆರೆಸಿದ ಶೀಟು ಇಲ್ಲಿ ಮನೆಮನೆಗೂ ಬಂತು. ಅಗ್ಗ, ಬೆಂಕಿ ಹಿಡಿಯದು, ತುಕ್ಕು ಹಿಡಿಯದು. ಆದರೆ ಒಡೆದಾಗ, ಕೊರೆದಾಗ, ಸವೆದಾಗ ಏಳುವ ಕಣ್ಣಿಗೆ ಕಾಣದ ನಾರು ಶ್ವಾಸಕೋಶ ಸೇರಿದರೆ, ಹಲವು ದಶಕಗಳ ಮೇಲೂ ಕ್ಯಾನ್ಸರ್ ತರಬಲ್ಲದು. ಪಶ್ಚಿಮ ಆಸ್ಟ್ರೇಲಿಯಾದ ವಿಟ್ಟನೂಮ್ ಎಂಬಲ್ಲಿ ನೀಲಿ ಕಲ್ನಾರಿನ ಗಣಿ 1966ರವರೆಗೆ ನಡೆಯಿತು. ಅಲ್ಲಿ ದುಡಿದವರೂ ಅವರ ಮನೆಯವರೂ ಸಾಯುತ್ತಲೇ ಹೋದರು. ಇಡೀ ದೇಶದಲ್ಲಿ ಕಲ್ನಾರು ಪೂರ್ತಿ ನಿಷೇಧವಾದದ್ದು 2003ರ ಡಿಸೆಂಬರ್ 31ಕ್ಕೆ. ಎರಡು ಬೇಸಿಗೆ ನಾನು ಅದೇ ಶೀಟಿನ ಮೇಲಿನ ತರಗೆಲೆಗಳನ್ನು ಒಣಪೊರಕೆಯಿಂದ ಗುಡಿಸಿದ್ದೆ, ಮಗಳು ಕೆಳಗೆ ನಿಂತು ಏಣಿ ಹಿಡಿದಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟಕ್ಕೇ ಅಪಾಯವಾಗುವುದು ತೀರಾ ಕಡಿಮೆ ಎಂದು ಡಾಕ್ಟರ್ ಸಮಾಧಾನ ಹೇಳಿದರು. ಪರವಾನಗಿ ಇದ್ದವರು ಮಾಸ್ಕ್ ಹಾಕಿಕೊಂಡು ಬಂದು, ಶೀಟುಗಳನ್ನು ಒದ್ದೆಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು. ನಿಮ್ಮ ಮನೆ ಹಳೆಯದಾಗಿದ್ದರೆ, ದಯವಿಟ್ಟು ಪರೀಕ್ಷೆ ಮಾಡಿಸದೆ ಹಳೆಯ ಶೀಟಿಗೆ ಮೊಳೆ ಹೊಡೆಯಬೇಡಿ.

ಯುದ್ಧದ ನಂತರ ಇಟಲಿ, ಗ್ರೀಸ್‌ಗಳಿಂದ ಬಂದು ಕಾರ್ಲ್ಟನ್, ಬ್ರನ್ಸ್‌ವಿಕ್ ಕಡೆ ನೆಲೆಸಿದವರು ಮಾತ್ರ ತಮ್ಮ ಹಿತ್ತಲುಗಳಲ್ಲಿ ಪಾಂಪೇಯ ಉಪಾಯವನ್ನೇ ಹೂಡಿದರು: ಪೈಪಿನ ಕಂಬ, ತಂತಿ, ದ್ರಾಕ್ಷಿ ಬಳ್ಳಿ. ಬೇಸಿಗೆಯಲ್ಲಿ ದಟ್ಟ ನೆರಳು, ಹಣ್ಣು, ಅನ್ನ ಸುತ್ತಿ ಬೇಯಿಸಲು ಎಲೆ. ಚಳಿಗಾಲಕ್ಕೆ ಎಲೆಯೆಲ್ಲ ಉದುರಿ ಬಿಸಿಲು ಒಳಗೆ. ತೆಗೆಯುವ ಕೆಲಸವನ್ನು ಬಳ್ಳಿಯೇ ಮಾಡುತ್ತದೆ!

ಪಾರದರ್ಶಕ ಶೀಟುಗಳದು ಚಿಕ್ಕ ಚರಿತ್ರೆ. ಮೊದಲು ಬಂದ ಫೈಬರ್‌ಗ್ಲಾಸ್ ಬಿಸಿಲಿಗೆ ಹಳದಿಯಾಗುತ್ತಿತ್ತು. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್ ಕಂಡುಹಿಡಿದ ಪಾಲಿಕಾರ್ಬೊನೇಟ್ ಗಟ್ಟಿ, ಹಗುರ, ಆದರೆ ಬಣ್ಣವಿಲ್ಲದ ಶೀಟಿನ ಕೆಳಗೆ ಬೇಸಿಗೆಯ ಮಧ್ಯಾಹ್ನ ಕೂರುವುದು ಕಷ್ಟ.

ಕೊನೆಗೆ ನಿರ್ಧಾರ ಮಾಡಿಸಿದ್ದು ಮಗಳ ಲೆಕ್ಕ. ದಕ್ಷಿಣ ಗೋಳಾರ್ಧದಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ನಮ್ಮ ಪ್ಯಾಟಿಯೋ ಕೂಡ ಉತ್ತರಕ್ಕೇ ಇದೆ. ಮೆಲ್ಬರ್ನಿನಲ್ಲಿ ಡಿಸೆಂಬರ್ ಕೊನೆಯ ಮಧ್ಯಾಹ್ನ ಅವನು ಸುಮಾರು 76 ಡಿಗ್ರಿ ಮೇಲಿದ್ದರೆ, ಜೂನ್ ಕೊನೆಗೆ 29 ಡಿಗ್ರಿ ಮಾತ್ರ. ಎರಡೂವರೆ ಮೀಟರ್ ಎತ್ತರದಲ್ಲಿ, ಗೋಡೆಯಿಂದ ನಾಲ್ಕು ಮೀಟರ್ ಚಾಚಿದ ತಗಡು ಹಾಕಿದರೆ ಚಳಿಗಾಲದ ಮಧ್ಯಾಹ್ನ ಗೋಡೆಯ ಮೇಲೆ ಬಿಸಿಲು ಬೀಳುವುದು ಕೆಳಗಿನ ಒಂದಡಿಗೆ ಮಾತ್ರ. ಕಾಗದದ ಮೇಲೆ ಚಿತ್ರ ಬರೆದು, ‘ಅಜ್ಜಿ, ನಿನ್ನ ಕಾಲಿಗೆ ಮಾತ್ರ ಬಿಸಿಲು’ ಎಂದಳು. ನನ್ನವರು ಸ್ವಲ್ಪ ಹೊತ್ತು ಆ ಚಿತ್ರ ನೋಡಿ, ಬಾರ್ಬೆಕ್ಯೂ ಎಲ್ಲಿ ಇಡುವುದು ಎಂದಷ್ಟೇ ಕೇಳಿದರು.

ಅಡುಗೆಮನೆ ಬಾಗಿಲ ಮುಂದೆ ಒಂದೂವರೆ ಮೀಟರ್ ಪಾಲಿಕಾರ್ಬೊನೇಟ್, ಬಾರ್ಬೆಕ್ಯೂ ಅದರ ಕೆಳಗೆ. ಉಳಿದದ್ದಕ್ಕೆ ಮರದ ಪರ್ಗೋಲಾ. ಬಳ್ಳಿ ತುಂಬಿಕೊಳ್ಳಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಬೇಸಿಗೆಗೆ ನೆರಳುಬಟ್ಟೆ ಕಟ್ಟಿ, ಏಪ್ರಿಲ್‌ನಲ್ಲಿ ಬಿಚ್ಚುತ್ತೇವೆ. ಜುಲೈಯಲ್ಲಿ ದ್ರಾಕ್ಷಿ ನೆಡಬೇಕು. ಬೀಜವಿರುವುದೋ, ಇಲ್ಲದ್ದೋ ಎಂಬ ಚರ್ಚೆ ಈಗ ನಡೆದಿದೆ.